ಇಂಗ್ಲಿಷಿನ ಬಹುವಚನ ಷಷ್ಠಿ: ದಂಡಿನ ಶಾಲೆಗಳಿಂದ ಕೃಷ್ಣರಾಜಪುರದವರೆಗೆ

ಹಲವರಿಗೆ ಅಥವಾ ಹಲವು ವಸ್ತುಗಳಿಗೆ ಸೇರಿದ್ದನ್ನು ಹೇಳುವಾಗ ಇಂಗ್ಲಿಷಿನ ನಾಮಪದವೂ ಸರ್ವನಾಮವೂ ತಾಳುವ ರೂಪವನ್ನು ಬಹುವಚನ ಷಷ್ಠಿ ಎನ್ನಬಹುದು. ಕನ್ನಡದಲ್ಲಿ ‘ಹುಡುಗರ ಶಾಲೆ’, ‘ಮಕ್ಕಳ ದಿನಾಚರಣೆ’, ‘ನಮ್ಮ ಬೀದಿ’, ‘ಆ ಸೈಟು ಅವರದು’ ಎನ್ನುವ ಕಡೆಗಳಲ್ಲೆಲ್ಲ ಇಂಗ್ಲಿಷಿನಲ್ಲಿ ಈ ರೂಪ ಬರುತ್ತದೆ. ನಾಮಪದದಲ್ಲಿ ಅದನ್ನು ತೋರಿಸುವುದು ಅಪಾಸ್ಟ್ರಫಿ, ಅಂದರೆ ಅಕ್ಷರಗಳ ತಲೆಯ ಮಟ್ಟದಲ್ಲಿ ಬರುವ ಪುಟ್ಟ ಕೊಂಕು. ಸರ್ವನಾಮದಲ್ಲಿ ಆ ಕೊಂಕಿಗೆ ಜಾಗವಿಲ್ಲ. ನಿಯಮಗಳೆಲ್ಲ ಒಂದು ಪುಟದಲ್ಲಿ ಮುಗಿಯುವಷ್ಟೇ ಇವೆ. ಆದರೂ ಪದವೀಧರರ ಅರ್ಜಿಗಳಲ್ಲಿ, ಅಂಗಡಿಯ ಫಲಕಗಳಲ್ಲಿ, ಕಚೇರಿಯ ಪತ್ರಗಳಲ್ಲಿ, ಇಂಗ್ಲಿಷ್ ಮನೆಮಾತಾದವರ ಬರಹದಲ್ಲಿ ಕೂಡ ಕೈ ತಪ್ಪುವುದು ಇಲ್ಲಿಯೇ. ಬರೆಯುವವರ ಅಜಾಗರೂಕತೆಗಿಂತ ದೊಡ್ಡ ಕಾರಣ ಆ ಭಾಷೆಯ ಚರಿತ್ರೆಯಲ್ಲಿದೆ.

ಬೆಂಗಳೂರಿನ ದಂಡು ಪ್ರದೇಶದಲ್ಲಿ ಇದಕ್ಕೆ ಉದಾಹರಣೆ ಹುಡುಕಲು ವ್ಯಾಕರಣ ಪುಸ್ತಕ ತೆರೆಯಬೇಕಿಲ್ಲ, ಶಾಲೆಗಳ ಹೆಸರನ್ನು ಓದಿದರೆ ಸಾಕು. 1858ರಲ್ಲಿ ಆರಂಭವಾದ ಸೇಂಟ್ ಜೋಸೆಫ್’ಸ್ ಬಾಯ್ಸ್’ ಹೈಸ್ಕೂಲಿನ ಹೆಸರಲ್ಲಿ ಅಪಾಸ್ಟ್ರಫಿ ಎರಡು ಸಲ ಬರುತ್ತದೆ, ಎರಡು ಬೇರೆ ಬೇರೆ ಜಾಗಗಳಲ್ಲಿ. ಸಂತ ಜೋಸೆಫರು ಒಬ್ಬರೇ, ಹಾಗಾಗಿ ಅವರ ಹೆಸರು ಮುಗಿದೊಡನೆ ಅಪಾಸ್ಟ್ರಫಿ, ಆಮೇಲೆ ಎಸ್. ಹುಡುಗರು ಹಲವರು, ಹಾಗಾಗಿ ಬಾಯ್ಸ್ ಎಂಬ ಬಹುವಚನ ಪೂರ್ತಿಯಾಗಿ, ಎಸ್ ದಾಟಿದ ಮೇಲೆ ಅಪಾಸ್ಟ್ರಫಿ. 1865ರ ಬಿಷಪ್ ಕಾಟನ್ ಬಾಯ್ಸ್’ ಸ್ಕೂಲ್, 1880ರಲ್ಲಿ ಶುರುವಾದ ಬಾಲ್ಡ್ವಿನ್ ಶಾಲೆಯ ಬಾಯ್ಸ್’ ಮತ್ತು ಗರ್ಲ್ಸ್’ ವಿಭಾಗಗಳು, ಕ್ಲೀವ್‌ಲ್ಯಾಂಡ್ ಟೌನ್ ಕಡೆಯ ಸೇಂಟ್ ಫ್ರಾನ್ಸಿಸ್ ಝೇವಿಯರ್’ಸ್ ಗರ್ಲ್ಸ್’ ಹೈಸ್ಕೂಲ್ ಎಲ್ಲವೂ ಇದೇ ಪಾಠ ಹೇಳುತ್ತವೆ. ಚರ್ಚುಗಳೂ ಅಷ್ಟೆ. ಸೇಂಟ್ ಮಾರ್ಕ್’ಸ್, ಸೇಂಟ್ ಪ್ಯಾಟ್ರಿಕ್’ಸ್, ಶಿವಾಜಿನಗರದ ಸೇಂಟ್ ಮೇರಿ’ಸ್ ಬಸಿಲಿಕ ಒಬ್ಬೊಬ್ಬ ಸಂತರ ಹೆಸರಿನವು. ಹೊಸೂರು ರಸ್ತೆಯ ಆಲ್ ಸೇಂಟ್ಸ್’ ಚರ್ಚ್ ಸಕಲ ಸಂತರದು, ಅಲ್ಲಿ ಚಿಹ್ನೆ ಎಸ್ ಆದ ಮೇಲೆ ಕೂರುತ್ತದೆ.

ಈಗ ಕಣ್ಣು ಮುಚ್ಚಿ ಇವನ್ನು ಗಟ್ಟಿಯಾಗಿ ಓದಿಸಿ ಕೇಳಿದರೆ ತೊಡಕು ಎಲ್ಲಿದೆ ಎಂದು ತಿಳಿಯುತ್ತದೆ. ಬಾಯ್ಸ್ ಎಂದರೆ ಹುಡುಗರು. ಬಾಯ್’ಸ್ ಎಂದರೆ ಹುಡುಗನ. ಬಾಯ್ಸ್’ ಎಂದರೆ ಹುಡುಗರ. ಮೂರರ ಉಚ್ಚಾರಣೆ ಒಂದೇ. ಲಂಡನ್ನಿನವರ ಬಾಯಲ್ಲೂ ಒಂದೇ, ಹಲಸೂರಿನವರ ಬಾಯಲ್ಲೂ ಒಂದೇ. ಇಂಗ್ಲಿಷಿನ ಬಹುವಚನ ಷಷ್ಠಿ ಹೆಚ್ಚಿನ ಪದಗಳಲ್ಲಿ ಕಿವಿಗೆ ಕೇಳುವುದಿಲ್ಲ, ಕಣ್ಣಿಗೆ ಮಾತ್ರ ಕಾಣುತ್ತದೆ. ಕಿವಿಯಿಂದ ಭಾಷೆ ಕಲಿತವರಿಗೆ ಅದು ತನ್ನಷ್ಟಕ್ಕೆ ದಕ್ಕುವಂಥದ್ದಲ್ಲ, ಬರೆಯುತ್ತಾ ಕಲಿಯಬೇಕಾದದ್ದು.

ನಿಯಮದ ಭಾಗ ಚಿಕ್ಕದು. ಮೊದಲು ಒಡೆಯರ ಪದವನ್ನು ಪೂರ್ತಿ ಬಹುವಚನದಲ್ಲಿ ಬರೆಯಬೇಕು. ಅದರ ಕೊನೆಯ ಅಕ್ಷರ ಎಸ್ ಆಗಿದ್ದರೆ ಅಪಾಸ್ಟ್ರಫಿಯನ್ನಷ್ಟೇ ಸೇರಿಸಬೇಕು. ಟೀಚರ್ಸ್ ಎಂದು ಬರೆದಾಯಿತು, ಟೀಚರ್ಸ್’ ಡೇ. ರೆಸಿಡೆಂಟ್ಸ್ ಎಂದಾಯಿತು, ರೆಸಿಡೆಂಟ್ಸ್’ ಅಸೋಸಿಯೇಷನ್. ಬೆಂಗಳೂರಿನ ಶಾಸಕರ ಭವನಕ್ಕೆ ಇಂಗ್ಲಿಷಿನಲ್ಲಿರುವ ಹೆಸರು ಲೆಜಿಸ್ಲೇಟರ್ಸ್’ ಹೋಮ್, ಅದೂ ಹೀಗೆಯೇ ಆದದ್ದು. ಬಹುವಚನ ಎಸ್‌ನಿಂದ ಮುಗಿಯದ ಪದಗಳು ಇಂಗ್ಲಿಷಿನಲ್ಲಿ ಕಡಿಮೆ: ಮೆನ್, ವಿಮೆನ್, ಚಿಲ್ಡ್ರನ್, ಪೀಪಲ್, ಟೀತ್ ಮುಂತಾದವು. ಇವು ಏಕವಚನದಂತೆಯೇ ಅಪಾಸ್ಟ್ರಫಿಯ ಬಳಿಕ ಎಸ್ ಪಡೆಯುತ್ತವೆ. ನವೆಂಬರ್ 14 ಚಿಲ್ಡ್ರನ್’ಸ್ ಡೇ, ಮಾರ್ಚ್ 8 ವಿಮೆನ್’ಸ್ ಡೇ. ಎಲ್ಲರೂ ವೈಎಂಸಿಎ ಎಂದು ಮೊಟಕಾಗಿ ಕರೆಯುವ, 1844ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸಂಸ್ಥೆಯ ಹೆಸರಿನ ಎರಡನೆಯ ಅಕ್ಷರದ ಹಿಂದೆ ಅಡಗಿರುವುದು ಮೆನ್’ಸ್ ಎಂಬ ಬಹುವಚನ ಷಷ್ಠಿ. ಇಂಥ ಪದಗಳಲ್ಲಿ ಕಿವಿಗೂ ವ್ಯತ್ಯಾಸ ತಿಳಿಯುತ್ತದೆ. ಚೈಲ್ಡ್’ಸ್, ಚಿಲ್ಡ್ರನ್’ಸ್ ಎರಡನ್ನೂ ಯಾರೂ ಬೆರೆಸಿ ಕೇಳುವುದಿಲ್ಲ.

ಬಹುಪಾಲು ತಪ್ಪುಗಳು ಮೊದಲ ಹೆಜ್ಜೆಯನ್ನು ಬಿಟ್ಟದ್ದರಿಂದ ಆಗುತ್ತವೆ. ಲೇಡಿ ಎಂಬುದರ ಬಹುವಚನ ಲೇಡೀಸ್ ಎಂದು ಮೊದಲೇ ಬರೆದಿಟ್ಟರೆ ಲೇಡಿ’ಸ್ ಕ್ಲಬ್ ಎಂದು ಬರೆಯುವ ಪ್ರಶ್ನೆ ಬಾರದು. ಹಾಗೆ ಬರೆದರೆ ಇಡೀ ಕ್ಲಬ್ಬು ಒಬ್ಬಾಕೆಯದಾಗುತ್ತದೆ. ಯಾರದು ಎಂದು ಕೇಳಿಕೊಂಡು, ಉತ್ತರವನ್ನು ಕಾಗದದ ಮೇಲೆ ಪೂರ್ತಿ ಬರೆದು, ಆಮೇಲೆ ಚಿಹ್ನೆ ಹಾಕುವ ಕ್ರಮವನ್ನು ತರಗತಿಯಲ್ಲಿ ಕಲಿಸಿದರೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡಿಸುವ ಕೆಲಸ ಅರ್ಧಕ್ಕಿಳಿಯುತ್ತದೆ.

ಮನೆತನದ ಹೆಸರುಗಳಲ್ಲಿ ಇನ್ನೊಂದು ಸುತ್ತು ಇದೆ. ದಂಡಿನ ಬೀದಿಗಳಲ್ಲಿ ಡಿ’ಸೋಜಾ ಎಂಬ ಹೆಸರು ಅಪರೂಪವಲ್ಲ. ಅದರೊಳಗೆ ಒಂದು ಅಪಾಸ್ಟ್ರಫಿ ಆಗಲೇ ಇದೆ. ಪೋರ್ಚುಗೀಸಿನ ‘ಡೆ’ ಎಂಬುದರ ಸ್ವರ ಬಿದ್ದುಹೋದ ಗುರುತು ಅದು. ಆ ಕುಟುಂಬದವರೆಲ್ಲರ ಮನೆ ಎನ್ನಬೇಕಾದರೆ ಡಿ’ಸೋಜಾಸ್’ ಎಂದು ಎರಡನೆಯ ಅಪಾಸ್ಟ್ರಫಿ ಬರುತ್ತದೆ: ಮೊದಲನೆಯದು ಲೋಪವನ್ನು ಹೇಳುತ್ತದೆ, ಎರಡನೆಯದು ಒಡೆತನವನ್ನು. ಹೆಸರೇ ಎಸ್‌ನಿಂದ ಮುಗಿದರೆ ಬಹುವಚನಕ್ಕೆ ಇಎಸ್ ಸೇರಿಸಿ ಆಮೇಲೆ ಚಿಹ್ನೆ ಇಡಬೇಕು. ಜೋನ್ಸ್ ಮನೆಯವರು ಜೋನ್ಸಸ್, ಅವರ ಬಂಗಲೆ ಜೋನ್ಸಸ್’ ಬಂಗಲೆ.

ಇಬ್ಬರ ಹೆಸರು ಕೂಡಿ ಬಂದಾಗ ಚಿಹ್ನೆ ಎಲ್ಲಿದೆ ಎಂಬುದರಿಂದಲೇ ಆಸ್ತಿ ಜಂಟಿಯೋ ಬೇರೆಯೋ ಎಂದು ಗೊತ್ತಾಗುತ್ತದೆ. ರಾಮು ಅಂಡ್ ಸೀತಾ’ಸ್ ಹೌಸ್ ಎಂದರೆ ಇಬ್ಬರಿಗೂ ಕೂಡಿ ಇರುವ ಒಂದು ಮನೆ. ರಾಮು’ಸ್ ಅಂಡ್ ಸೀತಾ’ಸ್ ಹೌಸಸ್ ಎಂದರೆ ಅವನದು ಬೇರೆ, ಅವಳದು ಬೇರೆ. ಹಲವು ಪದಗಳ ಗುಚ್ಛದಲ್ಲಿ ಚಿಹ್ನೆ ಕೊನೆಯ ಪದಕ್ಕೆ ಹೋಗುತ್ತದೆ. ಅಳಿಯಂದಿರು ಸನ್ಸ್-ಇನ್-ಲಾ, ಅಳಿಯಂದಿರ ಎನ್ನಲು ಸನ್ಸ್-ಇನ್-ಲಾ’ಸ್. ಬಹುವಚನ ಒಂದು ಕಡೆ, ಷಷ್ಠಿ ಇನ್ನೊಂದು ಕಡೆ. ಇದು ನಿಯಮಬದ್ಧವಾದರೂ ಕಿವಿಗೆ ಹಿತವಲ್ಲ, ಆದ್ದರಿಂದ ಒಳ್ಳೆಯ ಬರಹಗಾರರು ಇಂಥ ಕಡೆ ‘ಆಫ್’ ಹಾಕಿ ವಾಕ್ಯವನ್ನೇ ತಿರುಗಿಸುತ್ತಾರೆ. ‘ದ ಪೂರ್’ ಎಂಬಂತೆ ಗುಣವಾಚಕವೇ ಬಡವರು ಎಂಬ ನಾಮಪದವಾಗಿ ನಿಂತಾಗಲಂತೂ ‘ಆಫ್’ ಬಿಟ್ಟರೆ ದಾರಿಯಿಲ್ಲ. ಹೊಸೂರು ರಸ್ತೆಯಲ್ಲಿ ವೃದ್ಧಾಶ್ರಮ ನಡೆಸುವ ಲಿಟ್ಲ್ ಸಿಸ್ಟರ್ಸ್ ಆಫ್ ದ ಪೂರ್ ಸಂಸ್ಥೆಯ ಹೆಸರಿನಲ್ಲಿ ಆಗಿರುವುದು ಅದೇ.

ಬಾಯ್ಸ್, ಬಾಯ್’ಸ್, ಬಾಯ್ಸ್’ ಎಂಬ ಮೂರೂ ರೂಪ ಒಂದೇ ಉಲಿಗೆ ಬಂದು ನಿಂತದ್ದು ಹೇಗೆ? ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಈ ಗೊಂದಲ ಇರಲಿಲ್ಲ. ಆಗ ಆ ಭಾಷೆಗೂ ಕನ್ನಡದಂತೆ ವಿಭಕ್ತಿಗಳಿದ್ದವು. ಕಲ್ಲು ಎಂಬುದಕ್ಕೆ ಸ್ಟಾನ್ ಎನ್ನುತ್ತಿದ್ದರು. ಕಲ್ಲಿನ ಎನ್ನಲು ಸ್ಟಾನೆಸ್, ಕಲ್ಲುಗಳು ಎನ್ನಲು ಸ್ಟಾನಸ್, ಕಲ್ಲುಗಳ ಎನ್ನಲು ಸ್ಟಾನ. ಬಹುವಚನ ಷಷ್ಠಿಗೆ ತನ್ನದೇ ಪ್ರತ್ಯಯವಿತ್ತು, ಅದರಲ್ಲಿ ಎಸ್ ಇರಲೇ ಇಲ್ಲ. ಪದಾಂತ್ಯದ ಸ್ವರಗಳು ಒತ್ತು ಕಳೆದುಕೊಂಡು ಸವೆಯುತ್ತಾ ಬಂದವು. 1066ರ ನಾರ್ಮನ್ ವಿಜಯದ ಬಳಿಕ ಫ್ರೆಂಚ್ ಆಳುವವರ ಭಾಷೆಯಾಗಿ, ಇಂಗ್ಲಿಷಿನ ಬರಹಕ್ಕೆ ಒಂದು ಮಾದರಿ ಇಲ್ಲವಾದ ಶತಮಾನಗಳಲ್ಲಿ ಈ ಸವೆತ ಪೂರ್ತಿಯಾಯಿತು. ಗಟ್ಟಿಯಾಗಿ ಕೇಳುತ್ತಿದ್ದ ‘ಎಸ್’ ಕೊನೆಯೊಂದೇ ಉಳಿದು, ಬಹುವಚನಕ್ಕೂ ಷಷ್ಠಿಗೂ ಎರಡೂ ಸೇರಿದ್ದಕ್ಕೂ ಅದೇ ದುಡಿಯತೊಡಗಿತು.

ಅಪಾಸ್ಟ್ರಫಿ ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದಲ್ಲಿ, ಫ್ರೆಂಚ್ ಮುದ್ರಕರ ದಾರಿ ಹಿಡಿದು. ಮೊದಲಿಗೆ ಅದರ ಕೆಲಸ ಬಿಟ್ಟುಹೋದ ಅಕ್ಷರವನ್ನು ತೋರಿಸುವುದಷ್ಟೇ ಆಗಿತ್ತು. ಷಷ್ಠಿಯ ‘ಇಎಸ್’ನಲ್ಲಿ ಇ ಉಚ್ಚಾರವಾಗುತ್ತಿರಲಿಲ್ಲ, ಆ ಲೋಪಕ್ಕೆ ಗುರುತಾಗಿ ಚಿಹ್ನೆ ಕೂತಿತು. ಆ ಕಾಲದ ಕೆಲವರು ಇದನ್ನು ಬೇರೆಯೇ ಬಗೆಯಲ್ಲಿ ತಿಳಿದಿದ್ದರು: ಷಷ್ಠಿಯ ಎಸ್ ‘ಹಿಸ್’ ಎಂಬ ಸರ್ವನಾಮದ ಮೊಟಕು ಎಂದುಕೊಂಡು, ರಾಜನ ಹಡಗು ಎನ್ನಲು ‘ರಾಜ ಅವನ ಹಡಗು’ ಎಂಬ ಕ್ರಮದಲ್ಲಿ ಬರೆದದ್ದೂ ಉಂಟು. ಅದು ತಪ್ಪು ತಿಳುವಳಿಕೆ ಎಂದು ಆಮೇಲೆ ವ್ಯಾಕರಣಕಾರರೆಲ್ಲ ಒಪ್ಪಿದರು. ಏಕವಚನದ ಅಪಾಸ್ಟ್ರಫಿ 17ನೇ ಶತಮಾನದ ಕೊನೆಗೆ ನೆಲೆಯಾಯಿತು. ಬಹುವಚನದ ಎಸ್ ಆದಮೇಲೆ ಬರಿಯ ಅಪಾಸ್ಟ್ರಫಿ ಇಡುವ ಪದ್ಧತಿ ಗಟ್ಟಿಯಾಗಲು 18ನೇ ಶತಮಾನದ ಉತ್ತರಾರ್ಧವೇ ಬರಬೇಕಾಯಿತು. 1795ರಲ್ಲಿ ಲಿಂಡ್ಲಿ ಮರ್ರೆ ಬರೆದ ವ್ಯಾಕರಣದಲ್ಲಿ ಆ ನಿಯಮ ಇಂದಿನ ರೂಪದಲ್ಲೇ ಇದೆ.

1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಹೂಡಿದಾಗ ಈ ನಿಯಮ ಗಟ್ಟಿಯಾಗಿ ಅರ್ಧ ಶತಮಾನವೂ ಆಗಿರಲಿಲ್ಲ. ಮುಂದೆ ಇಲ್ಲಿನ ಶಾಲೆಗಳಿಗೆ ಬಂದ ಪಠ್ಯಗಳು ಅದನ್ನು ಅನಾದಿಯಿಂದ ಇದ್ದ ಕಟ್ಟಳೆ ಎಂಬಂತೆ ಕಲಿಸಿದವು. ಉತ್ತರ ಭಾರತದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಜೆ.ಸಿ. ನೆಸ್‌ಫೀಲ್ಡ್ 19ನೇ ಶತಮಾನದ ಕೊನೆಯಲ್ಲಿ ತಂದ ವ್ಯಾಕರಣ ಮಾಲೆ, ಆಮೇಲೆ ಪಿ.ಸಿ. ರೆನ್ ಮತ್ತು ಎಚ್. ಮಾರ್ಟಿನ್ ಅವರ ಹೈಸ್ಕೂಲ್ ವ್ಯಾಕರಣ ಭಾರತದ ಹಲವು ತಲೆಮಾರುಗಳ ಇಂಗ್ಲಿಷನ್ನು ರೂಪಿಸಿದವು. 1930ರ ದಶಕದಲ್ಲಿ ಹೊರಬಂದ ಈ ಎರಡನೆಯ ಪುಸ್ತಕ ‘ರೆನ್ ಅಂಡ್ ಮಾರ್ಟಿನ್’ ಎಂಬ ಹೆಸರಲ್ಲಿ ಇಂದಿಗೂ ಮಾರಾಟವಾಗುತ್ತಿದೆ. ಅದರ ಮೊದಲ ಕರ್ತೃ ರೆನ್, 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದು ಹೆಸರಾದ ಅದೇ ಲೇಖಕ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಶುರುವಾಯಿತು. ಹೀಗೆ ದಂಡಿನ ಶಾಲೆಗಳ ಆವರಣದೊಳಗಿದ್ದ ಪ್ರಶ್ನೆ ಈಗ ರಾಜ್ಯದ ಎಲ್ಲ ಮಕ್ಕಳದೂ ಆಗಿದೆ.

ಕನ್ನಡದ ಮಗುವಿಗೆ ಈ ವಿಷಯ ಹೊಸದಲ್ಲ ಎಂಬುದನ್ನು ಪಾಠ ಮಾಡುವವರು ಮರೆಯುತ್ತಾರೆ. 13ನೇ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಇಂದಿನ ಪಠ್ಯದವರೆಗೆ ಷಷ್ಠಿ ವಿಭಕ್ತಿಯ ಪ್ರತ್ಯಯ ‘ಅ’. ಮೊದಲು ಪ್ರಕೃತಿ, ಆಮೇಲೆ ಬಹುವಚನ, ಕೊನೆಗೆ ವಿಭಕ್ತಿ: ಈ ಸಾಲು ಎಂದೂ ತಪ್ಪುವುದಿಲ್ಲ. ಏಕವಚನದಲ್ಲಿ ನಡುವೆ ಏನಾದರೊಂದು ಬಂದು ಸೇರುತ್ತದೆ. ಹುಡುಗನ ಎನ್ನುವಲ್ಲಿ ನಕಾರ, ಮರದ ಎನ್ನುವಲ್ಲಿ ದಕಾರ, ಹುಡುಗಿಯ ಎನ್ನುವಲ್ಲಿ ಯಕಾರ, ಊರಿನ, ಮಗುವಿನ ಎನ್ನುವಲ್ಲಿ ‘ಇನ್’. ಬಹುವಚನಕ್ಕೆ ಬಂದರೆ ಈ ವೈವಿಧ್ಯವೆಲ್ಲ ಮಾಯವಾಗಿ ಹುಡುಗರ, ಹುಡುಗಿಯರ, ಅಣ್ಣಂದಿರ, ಮಕ್ಕಳ, ಮರಗಳ, ಊರುಗಳ ಎಂದು ಎಲ್ಲ ಕಡೆ ಬರಿಯ ಅಕಾರ. ಇಂಗ್ಲಿಷಿನಲ್ಲಿ ತೊಡಕಿನ ಮೂಲೆಯಾದ ಬಹುವಚನ ಷಷ್ಠಿ ಕನ್ನಡದಲ್ಲಿ ಅತ್ಯಂತ ಸರಳ, ಮೇಲಾಗಿ ಕಿವಿಗೆ ಸ್ಪಷ್ಟವಾಗಿ ಕೇಳುವಂಥದ್ದು. ಇಂಗ್ಲಿಷ್ ಪಾಠದ ಮೇಷ್ಟ್ರು ‘ಹುಡುಗನ’, ‘ಹುಡುಗರು’, ‘ಹುಡುಗರ’ ಎಂಬ ಮೂರನ್ನು ಮೊದಲು ಹಲಗೆಯ ಮೇಲೆ ಬರೆದು, ಅವುಗಳ ಪಕ್ಕದಲ್ಲಿ ಬಾಯ್’ಸ್, ಬಾಯ್ಸ್, ಬಾಯ್ಸ್’ ಎಂದು ಇಟ್ಟರೆ ಮಗು ತನಗೆ ಗೊತ್ತಿದ್ದುದನ್ನೇ ಹೊಸ ಲಿಪಿಯಲ್ಲಿ ಗುರುತಿಸುತ್ತದೆ. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕೆಂಬ ಹಟದಲ್ಲಿ ಈ ಅನುಕೂಲವನ್ನು ಕೈಬಿಡುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಎರಡು ಕಡೆ ಮಾತ್ರ ಕನ್ನಡ ದಾರಿ ತಪ್ಪಿಸಬಹುದು. ಒಂದು, ಗೌರವದ ಬಹುವಚನ. ‘ಶಿಕ್ಷಕರ ಕೊಠಡಿ’, ‘ಪ್ರಾಂಶುಪಾಲರ ಕೊಠಡಿ’ ಎರಡರಲ್ಲೂ ಇರುವುದು ಅದೇ ‘ರ’. ಆದರೆ ಶಿಕ್ಷಕರು ಹತ್ತು ಮಂದಿ, ಪ್ರಾಂಶುಪಾಲರು ಒಬ್ಬರೇ. ಇಂಗ್ಲಿಷಿಗೆ ಹೋಗುವಾಗ ಮೊದಲನೆಯದು ಟೀಚರ್ಸ್’ ರೂಮ್, ಎರಡನೆಯದು ಪ್ರಿನ್ಸಿಪಾಲ್’ಸ್ ರೂಮ್. ತಹಶೀಲ್ದಾರರ ಕಚೇರಿ, ಡಾಕ್ಟರ ಮನೆ, ಮಾವನವರ ತೋಟ ಎಲ್ಲವೂ ರೂಪದಲ್ಲಿ ಬಹುವಚನ, ಅರ್ಥದಲ್ಲಿ ಒಬ್ಬರು. ಇಂಗ್ಲಿಷಿನ ಷಷ್ಠಿಗೆ ಮರ್ಯಾದೆ ತೋರಿಸುವ ದಾರಿ ಗೊತ್ತಿಲ್ಲ, ಅದು ತಲೆ ಎಣಿಸುತ್ತದೆ ಅಷ್ಟೆ.

ಇನ್ನೊಂದು, ಎಣಿಕೆಯ ಪದಗಳು. ಸಂಖ್ಯೆ ಮುಂದಿದ್ದರೆ ಕನ್ನಡ ನಪುಂಸಕ ನಾಮಪದವನ್ನು ಏಕವಚನದಲ್ಲೇ ಬಿಡುತ್ತದೆ: ಹತ್ತು ಮರ, ನಾಲ್ಕು ಮೈಲಿ, ಮೂರು ದಿನ. ‘ಮೂರು ದಿನದ ರಜೆ ಬೇಕು’ ಎನ್ನುವುದು ಸಹಜ ಕನ್ನಡ. ಇಂಗ್ಲಿಷಿನಲ್ಲಿ ಅದಕ್ಕೆ ತ್ರೀ ಡೇಸ್’ ಲೀವ್ ಎಂದು ಬಹುವಚನ ಷಷ್ಠಿಯೇ ಬೇಕು. ಹಾಗಾಗಿ ಕನ್ನಡಿಗರ ಬದುಕಿನಲ್ಲಿ ಬಹುವಚನ ಷಷ್ಠಿಯನ್ನು ಮೊದಲ ಸಲ ಸ್ವಂತಕ್ಕೆ ಬರೆಯುವ ಸಂದರ್ಭ ಬಹುತೇಕ ರಜೆ ಅರ್ಜಿ. ಒಂದು ದಿನದ ರಜೆಯಾದರೆ ಒನ್ ಡೇ’ಸ್ ಲೀವ್, ಎರಡಾದೊಡನೆ ಟೂ ಡೇಸ್’ ಲೀವ್, ಕೆಲಸ ಬಿಡುವಾಗ ಟೂ ಮಂತ್ಸ್’ ನೋಟಿಸ್. ಇದನ್ನು ತಪ್ಪಿಸಿಕೊಳ್ಳಲು ಇನ್ನೊಂದು ದಾರಿಯೂ ಇದೆ. ತ್ರೀ-ಡೇ ಎಂದು ಅಡ್ಡಗೆರೆ ಹಾಕಿ ವಿಶೇಷಣ ಮಾಡಿಕೊಂಡರೆ ಎಸ್ ಕೂಡ ಬೇಡ, ಚಿಹ್ನೆಯೂ ಬೇಡ.

ಸರ್ವನಾಮಗಳ ಲೋಕ ಬೇರೆ. ಅವರ್, ಯುವರ್, ದೇರ್ ಎಂಬವು ನಾಮಪದದ ಮುಂದೆ ನಿಲ್ಲುವ ರೂಪಗಳು, ಕನ್ನಡದ ನಮ್ಮ, ನಿಮ್ಮ, ಅವರ ಇದ್ದಂತೆ. ಅವರ್ಸ್, ಯುವರ್ಸ್, ದೇರ್ಸ್ ಒಂಟಿಯಾಗಿ ನಿಲ್ಲುವವು, ನಮ್ಮದು, ನಿಮ್ಮದು, ಅವರದು ಇದ್ದಂತೆ. ಯಾವುದಕ್ಕೂ ಅಪಾಸ್ಟ್ರಫಿ ಇಲ್ಲ. ಸರ್ವನಾಮ ಹುಟ್ಟಿನಿಂದಲೇ ಷಷ್ಠಿ ರೂಪದಲ್ಲಿದೆ, ಮೇಲೆ ಚಿಹ್ನೆ ಹೇರುವ ಅಗತ್ಯವಿಲ್ಲ ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಚರಿತ್ರೆ ಇಷ್ಟು ಒಪ್ಪವಾಗಿಲ್ಲ. ಅವರ್ಸ್, ಯುವರ್ಸ್ ಪದಗಳ ಎಸ್ ಮುಂದೆ ಅಪಾಸ್ಟ್ರಫಿ ಹಾಕುವುದು 18ನೇ ಶತಮಾನದಲ್ಲಿ ಸಾಮಾನ್ಯವಾಗಿತ್ತು. ‘ಅದರ’ ಎಂಬರ್ಥದ ಇಟ್ಸ್ ಹೊಸ ಪದ, 1600ರ ಆಸುಪಾಸಿನಲ್ಲಿ ಬಳಕೆಗೆ ಬಂದದ್ದು. ಅದಕ್ಕೂ ಮುಂಚೆ ಆ ಜಾಗದಲ್ಲಿ ಹಿಸ್ ಇತ್ತು. 1787ರ ಅಮೆರಿಕ ಸಂವಿಧಾನದ ಮೂಲ ಹಸ್ತಪ್ರತಿಯ ಮೊದಲ ವಿಧಿಯಲ್ಲೇ ‘ಅದರ’ ಎನ್ನಲು ಅಪಾಸ್ಟ್ರಫಿ ಸಹಿತವಾದ ಇಟ್’ಸ್ ಇದೆ. ಇಂದು ಅದನ್ನು ಬರೆದರೆ ಶಾಲೆಯಲ್ಲಿ ಕೆಂಪು ಗೆರೆ ಬೀಳುತ್ತದೆ, ಏಕೆಂದರೆ ಇಂದಿನ ಬರಹದಲ್ಲಿ ಇಟ್’ಸ್ ಎಂದರೆ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂಬುದರ ಮೊಟಕು ಮಾತ್ರ. ಬಹುವಚನದ ದೇರ್ ಪದವಂತೂ ಇಂಗ್ಲಿಷಿನದೇ ಅಲ್ಲ. ಇಂಗ್ಲೆಂಡಿನ ಉತ್ತರದಲ್ಲಿ ನೆಲೆಸಿದ ವೈಕಿಂಗರ ನಾರ್ಸ್ ಭಾಷೆಯಿಂದ ಬಂದು, ಹಳೆಯ ಹಿರ ಎಂಬ ರೂಪವನ್ನು ಮೆಲ್ಲನೆ ಹೊರಗಟ್ಟಿತು.

ಕನ್ನಡ ಸರ್ವನಾಮ ಇಲ್ಲಿ ಇಂಗ್ಲಿಷಿಗಿಂತ ಹೆಚ್ಚು ಹೇಳುತ್ತದೆ. ಅವರ್ಸ್ ಎಂಬ ಒಂದು ಪದದ ಜಾಗದಲ್ಲಿ ಕನ್ನಡಕ್ಕೆ ನಮ್ಮದು, ನಮ್ಮವು, ನಮ್ಮವನು, ನಮ್ಮವಳು, ನಮ್ಮವರು ಎಂಬ ಐದಿವೆ. ಇಂಗ್ಲಿಷ್ ಒಡೆಯರ ಸಂಖ್ಯೆಯನ್ನು ಮಾತ್ರ ಹೇಳಿ ನಿಲ್ಲುತ್ತದೆ, ಕನ್ನಡ ಒಡೆತನದಲ್ಲಿರುವುದರ ಸಂಖ್ಯೆಯನ್ನೂ ಲಿಂಗವನ್ನೂ ಹೇಳುತ್ತದೆ. ಬಳಕೆಯಲ್ಲಿ ಇನ್ನೂ ಒಂದು ಅಂತರವಿದೆ. ಒಡಹುಟ್ಟಿದವರಿಲ್ಲದ ಮಗನೂ ‘ನಮ್ಮಮ್ಮ’ ಎನ್ನುತ್ತಾನೆ, ಒಬ್ಬರೇ ಇರುವ ಮನೆಯೂ ‘ನಮ್ಮ ಮನೆ’. ಇದನ್ನು ಹಾಗೆಯೇ ಇಂಗ್ಲಿಷಿಗೆ ಸಾಗಿಸಿ ಅವರ್ ಮದರ್ ಎಂದರೆ ಕೇಳಿದವರು ಅಣ್ಣತಮ್ಮಂದಿರನ್ನು ಹುಡುಕುತ್ತಾರೆ. ಮೆಟ್ರೊ ನಿಗಮ ಈ ಇಕ್ಕಟ್ಟಿಗೆ ಸಿಗದೆ ನಡೆದುಕೊಂಡಿದೆ. 2011ರ ಅಕ್ಟೋಬರಿನಲ್ಲಿ ಮಹಾತ್ಮ ಗಾಂಧಿ ರಸ್ತೆಯಿಂದ ಹಲಸೂರು, ಇಂದಿರಾನಗರ ಹಾದು ಬೈಯಪ್ಪನಹಳ್ಳಿಗೆ ಓಡತೊಡಗಿ, 2023ರಲ್ಲಿ ಕೃಷ್ಣರಾಜಪುರ ದಾಟಿ ವೈಟ್‌ಫೀಲ್ಡ್ ಮುಟ್ಟಿದ ರೈಲಿನ ಹೆಸರು ಇಂಗ್ಲಿಷ್ ಫಲಕದಲ್ಲೂ ‘ನಮ್ಮ ಮೆಟ್ರೊ’. ಪ್ರತಿದಿನ ಲಕ್ಷಾಂತರ ಜನ, ಕನ್ನಡ ಬಾರದವರೂ ಸೇರಿ, ಒಂದು ಕನ್ನಡ ಬಹುವಚನ ಷಷ್ಠಿಯನ್ನು ಆಡುತ್ತಾರೆ.

ಒಬ್ಬರ ಲಿಂಗ ಹೇಳಲು ಬಯಸದಾಗ ಇಂಗ್ಲಿಷಿನಲ್ಲಿ ದೇರ್ ಎಂಬ ಬಹುವಚನವನ್ನು ಒಬ್ಬರಿಗೇ ಬಳಸುವ ಪದ್ಧತಿ 14ನೇ ಶತಮಾನದಿಂದ ಇದೆ. 18 ಮತ್ತು 19ನೇ ಶತಮಾನದ ವ್ಯಾಕರಣಕಾರರು ಅದನ್ನು ತಳ್ಳಿಹಾಕಿದ್ದರು, ಇತ್ತೀಚಿನ ಶೈಲಿ ಕೈಪಿಡಿಗಳು ಮತ್ತೆ ಒಪ್ಪುತ್ತಿವೆ. ಒಬ್ಬರನ್ನೇ ‘ಅವರ’ ಎನ್ನುವ ಕನ್ನಡಿಗರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು.

ಚಿಹ್ನೆಯ ಜಾಗ ಬರಿಯ ಅಂದದ ಪ್ರಶ್ನೆಯೇ ಎಂದು ಕೇಳುವವರಿಗೆ ಉತ್ತರ ಆಸ್ತಿ ಪತ್ರಗಳಲ್ಲಿದೆ. ಕೃಷ್ಣರಾಜಪುರ ಬೆಂಗಳೂರು ಪೂರ್ವ ತಾಲ್ಲೂಕಿನ ಕೇಂದ್ರ. ಹೊಲಗಳು ಬಡಾವಣೆಗಳಾಗಿ, ಬಡಾವಣೆಗಳು ಅಪಾರ್ಟ್‌ಮೆಂಟುಗಳಾದ ಈ ಸೀಮೆಯಲ್ಲಿ ಕ್ರಯಪತ್ರ, ವಿಭಾಗಪತ್ರಗಳಿಗೆ ಬಿಡುವಿಲ್ಲ. ಅಣ್ಣತಮ್ಮಂದಿರ ವಿಭಾಗದ ಕರಡನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಬ್ರದರ್’ಸ್ ಶೇರ್ ಎಂದರೆ ಒಬ್ಬ ತಮ್ಮನ ಪಾಲು, ಬ್ರದರ್ಸ್’ ಶೇರ್ ಎಂದರೆ ತಮ್ಮಂದಿರೆಲ್ಲರಿಗೂ ಕೂಡಿದ ಒಂದು ಪಾಲು, ಬ್ರದರ್ಸ್’ ಶೇರ್ಸ್ ಎಂದರೆ ತಮ್ಮಂದಿರ ಬೇರೆ ಬೇರೆ ಪಾಲುಗಳು. ಮೊದಲೆರಡನ್ನು ಓದಿ ಹೇಳಿದರೆ ಕಕ್ಷಿದಾರರ ಕಿವಿಗೆ ಭೇದವೇ ತಿಳಿಯದು. ಕನ್ನಡ ಪತ್ರದಲ್ಲಿ ‘ತಮ್ಮನ’, ‘ತಮ್ಮಂದಿರ’ ಎಂದು ಕೇಳಿದ ಕೂಡಲೇ ಗೊತ್ತಾಗುತ್ತದೆ. ಆದರೆ ಅಲ್ಲಿಯೂ ‘ಮಾರಾಟಗಾರರ’ ಎಂಬ ಗೌರವದ ರೂಪ ಒಬ್ಬರೋ ಹಲವರೋ ಎಂದು ಹೇಳುವುದಿಲ್ಲ. ಬಲ್ಲ ಪತ್ರಬರಹಗಾರರು ಎರಡು ಭಾಷೆಯಲ್ಲೂ ಷಷ್ಠಿಯೊಂದನ್ನೇ ನಂಬದೆ ಹೆಸರುಗಳನ್ನು ಬಿಡಿಬಿಡಿಯಾಗಿ ಬರೆದು, ಜಂಟಿಯಾಗಿ ಎಂದೋ ಪ್ರತ್ಯೇಕವಾಗಿ ಎಂದೋ ಸೇರಿಸುತ್ತಾರೆ. ಕಾನೂನು ರಚಿಸುವವರಿಗೂ ಈ ಎಚ್ಚರ ಇತ್ತು: 1897ರ ಜನರಲ್ ಕ್ಲಾಸಸ್ ಕಾಯಿದೆಯ 13ನೇ ಕಲಮು ಕೇಂದ್ರ ಕಾಯಿದೆಗಳಲ್ಲಿ ಏಕವಚನದಲ್ಲಿ ಬಹುವಚನವೂ ಬಹುವಚನದಲ್ಲಿ ಏಕವಚನವೂ ಅಡಗಿದೆ ಎನ್ನುತ್ತದೆ, ಸಂದರ್ಭ ಬೇರೆ ಹೇಳದಿದ್ದರೆ.

ಊರುಗಳ ಹೆಸರಲ್ಲಿ ಎರಡೂ ಭಾಷೆಗಳು ಷಷ್ಠಿಯನ್ನು ನುಂಗುತ್ತವೆ. ಕೃಷ್ಣರಾಜನ ಪುರ ಕೃಷ್ಣರಾಜಪುರವಾಯಿತು. ಶಿವಾಜಿನಗರ, ಇಂದಿರಾನಗರ, ಅರಸನ ಮನೆಯಾದ ಅರಮನೆ ಎಲ್ಲವೂ ಷಷ್ಠೀ ತತ್ಪುರುಷ ಸಮಾಸ, ಪ್ರತ್ಯಯ ಹೋದರೂ ಸಂಬಂಧ ಉಳಿದಿದೆ. ಬ್ರಿಟಿಷ್ ರೆಸಿಡೆಂಟ್ ಸ್ಟುವರ್ಟ್ ಫ್ರೇಜರ್ ಹೆಸರಿನ ಫ್ರೇಜರ್ ಟೌನ್, ಪಕ್ಕದ ಕಾಕ್ಸ್ ಟೌನ್, ಬೆನ್ಸನ್ ಟೌನ್ ಕೂಡ ಹೀಗೆಯೇ ಆದವು. ರಿಚರ್ಡ್ಸ್ ಟೌನಿನ ಎಸ್ ಷಷ್ಠಿಯದಲ್ಲ, ಬಹುವಚನದ್ದೂ ಅಲ್ಲ, ಅದು ಆ ಅಧಿಕಾರಿಯ ಮನೆತನದ ಹೆಸರಿನದೇ. ಇನ್‌ಫೆಂಟ್ರಿ ರೋಡ್, ಬ್ರಿಗೇಡ್ ರೋಡ್ ಎನ್ನುವಲ್ಲಿ ಪಡೆಯ ಹೆಸರು ವಿಶೇಷಣವಾಗಿ ನಿಂತಿದೆ. ಕ್ವೀನ್’ಸ್ ರೋಡಿನಲ್ಲಿ ಮಾತ್ರ ಚಿಹ್ನೆ ಇರಬೇಕು, ಫಲಕಗಳಲ್ಲಿ ಕೆಲವೆಡೆ ಇರುತ್ತದೆ, ಕೆಲವೆಡೆ ಇರುವುದಿಲ್ಲ.

ಫಲಕಗಳಿಂದ ಚಿಹ್ನೆಯನ್ನು ತೆಗೆದುಹಾಕುವ ನಿರ್ಧಾರ ಬೇರೆ ದೇಶಗಳಲ್ಲಿ ಅಧಿಕೃತವಾಗಿಯೇ ಆಗಿದೆ. 1890ರಲ್ಲಿ ಸ್ಥಾಪನೆಯಾದ ಅಮೆರಿಕದ ಭೌಗೋಳಿಕ ಹೆಸರುಗಳ ಮಂಡಲಿ ಊರು, ನದಿ, ಬೆಟ್ಟಗಳ ಹೆಸರಿನಲ್ಲಿ ಒಡೆತನದ ಅಪಾಸ್ಟ್ರಫಿಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಮಾರ್ಥಾ’ಸ್ ವಿನ್‌ಯಾರ್ಡ್ ದ್ವೀಪದಂಥ ಕೆಲವೇ ಅಪವಾದಗಳಿವೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಸಭೆ 2009ರಲ್ಲಿ ರಸ್ತೆ ಫಲಕಗಳಲ್ಲಿ ಅದನ್ನು ಕೈಬಿಟ್ಟಿತು, ಕೇಂಬ್ರಿಜ್ 2014ರಲ್ಲಿ ಕೈಬಿಡಹೋಗಿ ಜನರ ಆಕ್ಷೇಪಕ್ಕೆ ಮಣಿಯಿತು. ಲಂಡನ್ನಿನ ಭೂಗತ ರೈಲಿನಲ್ಲಿ ಅರ್ಲ್’ಸ್ ಕೋರ್ಟ್ ನಿಲ್ದಾಣಕ್ಕೆ ಚಿಹ್ನೆಯಿದೆ, ಅದರ ಹತ್ತಿರದ ಬ್ಯಾರನ್ಸ್ ಕೋರ್ಟಿಗೆ ಇಲ್ಲ. ಅಂತರ್ಜಾಲದ ವಿಳಾಸಗಳಲ್ಲಿ ಅಪಾಸ್ಟ್ರಫಿಗೆ ಪ್ರವೇಶವಿಲ್ಲದಿರುವುದೂ ಇದನ್ನು ಬೇಗ ಬೇಗ ಸವೆಸುತ್ತಿದೆ.

ಕನ್ನಡ ಲಿಪಿಗೆ ಬಂದರೆ ಚಿಹ್ನೆ ತಾನಾಗಿ ಬಿದ್ದುಹೋಗುತ್ತದೆ. ನಾಮಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕೆಂದು 2024ರಲ್ಲಿ ರಾಜ್ಯದ ಕಾಯಿದೆ ತಿದ್ದುಪಡಿಯಾದ ಮೇಲೆ ‘ಬಾಯ್ಸ್ ಹಾಸ್ಟೆಲ್’, ‘ಲೇಡೀಸ್ ಪಿಜಿ’, ‘ಜೆಂಟ್ಸ್ ಪಿಜಿ’ ಎಂಬ ಬರಹಗಳು ಟಿನ್ ಫ್ಯಾಕ್ಟರಿಯಿಂದ ಮಹದೇವಪುರದವರೆಗೆ ದೊಡ್ಡಕ್ಷರದಲ್ಲಿ ಕಾಣುತ್ತವೆ. ಉಚ್ಚಾರವನ್ನು ಹಿಡಿಯುವ ಲಿಪಿ ಕನ್ನಡದ್ದು, ಉಚ್ಚಾರದಲ್ಲಿ ಇಲ್ಲದ್ದನ್ನು ಅದು ಬರೆಯುವುದಿಲ್ಲ. ಅಷ್ಟೇ ಅಲ್ಲ, ಈ ಪದಗಳ ಎಸ್ ಕನ್ನಡಿಗರ ಮಟ್ಟಿಗೆ ಬಹುವಚನವಾಗಿಯೂ ಉಳಿದಿಲ್ಲ. ‘ಒಬ್ರು ಲೇಡೀಸ್ ಬಂದಿದ್ರು’ ಎನ್ನುವುದು ಬಸ್ಸಿನಲ್ಲಿ ದಿನವೂ ಕೇಳುವ ಮಾತು. ಹಲವರಾದರೆ ಲೇಡೀಸ್‌ಗಳು, ಅವರದಾದರೆ ಲೇಡೀಸ್‌ಗಳ. ಇಂಗ್ಲಿಷ್ ಪದಕ್ಕೆ ಕನ್ನಡದ ಬಹುವಚನ, ಅದರ ಮೇಲೆ ಕನ್ನಡದ ಷಷ್ಠಿ, ಅದೇ ಹಳೆಯ ಸಾಲಿನಲ್ಲಿ.

ಇದರಿಂದ ತೊಂದರೆ ಆಗುವುದು ಹೆಸರು ಮತ್ತೆ ಇಂಗ್ಲಿಷಿಗೆ ಮರಳುವಾಗ. ಇಂದಿರಾನಗರದಿಂದ ಕೃಷ್ಣರಾಜಪುರದವರೆಗೆ ಬಡಾವಣೆಗೊಂದರಂತೆ ಇರುವ ನಿವಾಸಿಗಳ ಸಂಘಗಳ ಇಂಗ್ಲಿಷ್ ಹೆಸರುಗಳಲ್ಲಿ ರೆಸಿಡೆಂಟ್, ರೆಸಿಡೆಂಟ್ಸ್, ರೆಸಿಡೆಂಟ್’ಸ್, ರೆಸಿಡೆಂಟ್ಸ್’ ಎಂಬ ನಾಲ್ಕು ಬಗೆಗಳೂ ಇವೆ. ಮೊದಲೆರಡನ್ನು ವಿಶೇಷಣವೆಂದು ಸಮರ್ಥಿಸಬಹುದು, ನಾಲ್ಕನೆಯದು ನಿಯಮಕ್ಕೆ ಸರಿ, ಮೂರನೆಯದರ ಪ್ರಕಾರ ಸಂಘದಲ್ಲಿ ಇರುವವರು ಒಬ್ಬರೇ. ಸಂಘವನ್ನು ನೋಂದಾಯಿಸುವಾಗ, ಬ್ಯಾಂಕ್ ಖಾತೆ ತೆರೆಯುವಾಗ, ಪಾಲಿಕೆಗೆ ಮನವಿ ಕೊಡುವಾಗ ಬೈಲಾದಲ್ಲಿ ಬರೆದ ಹೆಸರೇ ಎಲ್ಲ ಕಡೆ ಒಂದೇ ತೆರನಾಗಿ ಇರಬೇಕಾಗುತ್ತದೆ. ಆದ್ದರಿಂದ ಚಿಹ್ನೆ ಬೇಕೋ ಬೇಡವೋ ಎಂಬುದನ್ನು ಮೊದಲ ಸಭೆಯಲ್ಲಿ, ಮೊಹರು ಮಾಡಿಸುವ ಮುಂಚೆ, ತೀರ್ಮಾನಿಸಿಕೊಳ್ಳುವುದು ಒಳಿತು.